ಕೊಲ್ಲುವ ಮುನ್ನ ಒಂದು ಮಾತು

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಹಾಸ್ಟೆಲ್ ತಾರಸಿಯಲ್ಲಿ ಸೆನ್ಸರ್ ಇಟ್ಟು ರಾತ್ರಿಯಿಡೀ ತಾಪಮಾನ ಅಳೆಯಬೇಕಿತ್ತು. ಚಳಿಯಲ್ಲಿ ಕೂತು ಸೆನ್ಸರ್ ಕಾಯುವ ಕೆಲಸ ಗೆಳೆಯನದು, ಪೈಥಾನ್ ಪ್ರೋಗ್ರಾಂ ನನ್ನದು. ಒಂದು ಪ್ರೊಸೆಸ್ ನಿಮಿಷಕ್ಕೊಮ್ಮೆ ಅಳತೆ ತೆಗೆದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಆರಕ್ಕೆ ಇನ್ನೊಂದು ಪ್ರೊಸೆಸ್ ‘ಸಾಕು’ ಎಂದು ಸಿಗ್ನಲ್ ಕೊಟ್ಟಾಗ ಎಲ್ಲವನ್ನೂ ಫೈಲಿಗೆ ಬರೆದು ನಿಲ್ಲುತ್ತದೆ. ಹಾಗಂತ ನಾನು ಅಂದುಕೊಂಡಿದ್ದೆ!

ಬೆಳಿಗ್ಗೆ ನೋಡಿದರೆ ಫೈಲ್ ಖಾಲಿ. ಕೆಂಪು ಕಣ್ಣಿನ ಗೆಳೆಯ ‘ಬಂತಾ?’ ಎಂದು ಕೇಳಿದ. ನನಗೆ ಬಾಯಿ ಬರಲಿಲ್ಲ.

ತಪ್ಪು ಒಂದೇ ಸಾಲಿನಲ್ಲಿತ್ತು. ಪೈಥಾನ್‌ನಲ್ಲಿ ಸಿಗ್ನಲ್ ಕಳಿಸುವ ಫಂಕ್ಷನ್ನಿನ ಹೆಸರು ‘ಓಎಸ್ ಡಾಟ್ ಕಿಲ್’. ಹೆಸರು ಭಯಂಕರವಾದರೂ ಅದು ಮಾಡುವುದು ಸುದ್ದಿ ಮುಟ್ಟಿಸುವ ಕೆಲಸ ಅಷ್ಟೇ. ಯಾವ ಪ್ರೊಸೆಸ್‌ಗೆ, ಯಾವ ಸಿಗ್ನಲ್ ಎಂದು ಹೇಳಬೇಕು. ನಾನು ಕಳಿಸಿದ್ದು 9ನೇ ಸಿಗ್ನಲ್, ‘ಸಿಗ್‌ಕಿಲ್’. ಲಿನಕ್ಸ್‌ನಲ್ಲಿ ಅದನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಕೇಳಿಸಿಕೊಳ್ಳಲೂ ಆರದು. ಕರ್ನಲ್ ನೇರವಾಗಿ ಕತೆ ಮುಗಿಸುತ್ತದೆ. ಮೆಮೊರಿಯಲ್ಲಿದ್ದ ಅಳತೆಗಳೂ ಜತೆಗೇ ಹೋದವು.

ಸರಿ, 9 ತೆಗೆದು 15 ಹಾಕಿದೆ. ಅದು ‘ಸಿಗ್‌ಟರ್ಮ್’, ‘ದಯವಿಟ್ಟು ನಿಲ್ಲಿಸು’ ಎನ್ನುವ ವಿನಂತಿ. ಐದು ನಿಮಿಷ ಓಡಿಸಿ ನೋಡಿದರೆ ಮತ್ತೆ ಖಾಲಿ! ಕಂಟ್ರೋಲ್-ಸಿ ಒತ್ತಿದರೆ ಪೈಥಾನ್ ಅದನ್ನು ಎಕ್ಸೆಪ್ಷನ್ ಮಾಡುತ್ತದೆ, ‘ಫೈನಲಿ’ ಬ್ಲಾಕ್ ಓಡುತ್ತದೆ. ಸಿಗ್‌ಟರ್ಮ್‌ಗೆ ಆ ಭಾಗ್ಯವಿಲ್ಲ. ನಾವೇ ಹ್ಯಾಂಡ್ಲರ್ ಬರೆಯದಿದ್ದರೆ ಪ್ರೊಸೆಸ್ ಸುಮ್ಮನೆ ಸಾಯುತ್ತದೆ. ವಿನಯದಿಂದ ಹೇಳಿದರಷ್ಟೇ ಸಾಲದು, ಕೇಳುವ ಕಿವಿಯನ್ನೂ ಕೊಡಬೇಕು.

ಹಾಗಾಗಿ ಪುಟ್ಟ ಹ್ಯಾಂಡ್ಲರ್ ಬರೆದೆ. ಸಿಗ್ನಲ್ ಬಂದರೆ ‘ನಿಲ್ಲಬೇಕು’ ಎಂಬ ಗುರುತು ಹಾಕುವುದಷ್ಟೇ ಅದರ ಕೆಲಸ. ಲೂಪ್ ಆ ಗುರುತು ನೋಡಿ, ಫೈಲ್ ಬರೆದು, ತಾನಾಗಿ ಹೊರಬರುತ್ತದೆ. ಕಳಿಸುವ ಪ್ರೊಸೆಸ್ ಹತ್ತು ಸೆಕೆಂಡ್ ಕಾಯುತ್ತದೆ. ಆಗಲೂ ಜಗ್ಗದಿದ್ದರೆ ಮಾತ್ರ 9. ‘ಡಾಕರ್ ಸ್ಟಾಪ್’ ಮಾಡುವುದೂ ಇದನ್ನೇ ಎಂದು ಆಮೇಲೆ ತಿಳಿಯಿತು. ಪ್ರತಿ ಅಳತೆಯನ್ನೂ ಆಗಿಂದಾಗ್ಗೆ ಫೈಲಿಗೆ ಬರೆಯುವ ಬುದ್ಧಿಯೂ ಆಗಲೇ ಬಂತು. 9 ಯಾರಿಂದ ಯಾವಾಗ ಬರುತ್ತದೋ ಯಾರಿಗೆ ಗೊತ್ತು?

ಗೆಳೆಯನಿಗೆ ನಿಜ ಹೇಳಿದೆ. ಬೈಯಲಿಲ್ಲ. ‘ಈ ಸಲ ನೀನು ಕೂರು’ ಎಂದ. ಮರುರಾತ್ರಿ ಸ್ವೆಟರ್ ಹಾಕಿಕೊಂಡು ತಾರಸಿ ಹತ್ತಿದೆ. ಬೆಳಿಗ್ಗೆ ಆರಕ್ಕೆ ಸಿಗ್ನಲ್ ಹೋಯಿತು. ಫೈಲ್ ತೆರೆದೆ. ಅಳತೆಗಳೆಲ್ಲ ಸಾಲಾಗಿ ಕೂತಿದ್ದವು.