ನಕ್ಷೆಗೇರಿದ ಮನೆ: ಆಸ್ತಿ ತೆರಿಗೆಗೆ ಹೊಸ ಅಳತೆಗೋಲು

ಕಲಬುರಗಿ: ಶಹಾಬಾದ ಹಾಸುಗಲ್ಲಿಗೆ, ವಾಡಿ ಮತ್ತು ಸೇಡಂ ಸಿಮೆಂಟಿಗೆ ಹೆಸರಾದ ಪಟ್ಟಣಗಳು. ಚಿತ್ತಾಪುರ ಹಾಗೂ ಚಿಂಚೋಳಿ ತಾಲ್ಲೂಕು ಕೇಂದ್ರಗಳು. ಇಂತಹ ಪಟ್ಟಣಗಳಲ್ಲಿ ಮನೆಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತವೆ. ಮುಂದೊಂದು ಅಂಗಡಿ, ಮೇಲೊಂದು ಅಂತಸ್ತು ಏಳುತ್ತದೆ. ಆದರೆ ತೆರಿಗೆ ವಹಿಯಲ್ಲಿ ಹಳೆಯ ಅಳತೆಯೇ ಉಳಿದರೆ ಸ್ಥಳೀಯ ಸಂಸ್ಥೆಗೆ ನಷ್ಟ, ಪ್ರಾಮಾಣಿಕವಾಗಿ ಕಟ್ಟುವವರಿಗೆ ಅನ್ಯಾಯ. ಚರಂಡಿ, ಬೀದಿದೀಪಗಳಿಗೆ ಸಂಸ್ಥೆಯು ನೆಚ್ಚಿಕೊಳ್ಳಬಹುದಾದ ಮುಖ್ಯ ಸ್ವಂತ ಆದಾಯವೇ ಆಸ್ತಿ ತೆರಿಗೆ.

ಹಿನ್ನೆಲೆ

ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ 2002ರಿಂದ ಮಾಲೀಕರೇ ತೆರಿಗೆ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಬಂತು. ನಿವೇಶನದ ಮಾರ್ಗಸೂಚಿ ಬೆಲೆ, ಕಟ್ಟಡದ ವಿಸ್ತೀರ್ಣ, ವಯಸ್ಸು ಮತ್ತು ಬಳಕೆ ಈ ಲೆಕ್ಕಕ್ಕೆ ಆಧಾರ. ಘೋಷಣೆ ನಿಜವೇ ಎಂದು ಪರಿಶೀಲಿಸುವ ಸಾಧನವೂ ಬೇಕಾಯಿತು. ಅದೇ ದಶಕದಲ್ಲಿ 'ನಿರ್ಮಲ ನಗರ' ಯೋಜನೆಯಡಿ, ಮೊದಲಿಗೆ 57 ನಗರಗಳನ್ನು ಆಯ್ದುಕೊಂಡು, 'ಆಸ್ತಿ' ಎಂಬ ತಂತ್ರಾಂಶದ ಮೂಲಕ ಭೌಗೋಳಿಕ ಮಾಹಿತಿ ವ್ಯವಸ್ಥೆಯನ್ನು (ಜಿಐಎಸ್) ತೆರಿಗೆಗೆ ಜೋಡಿಸಲಾಯಿತು.

ಕೆಲಸ ಮಾಡುವ ಬಗೆ

ಪಟ್ಟಣದ ನಕ್ಷೆಯಲ್ಲಿ ವಾರ್ಡು, ರಸ್ತೆ ಹಾಗೂ ಪ್ರತಿ ಸ್ವತ್ತಿನ ಗಡಿ ಗುರುತಿಸಿ ಅದಕ್ಕೊಂದು ಪ್ರತ್ಯೇಕ ಸಂಖ್ಯೆ (ಪಿಐಡಿ) ನೀಡಲಾಗುತ್ತದೆ. ಮಾಲೀಕರ ಹೆಸರು, ವಿಸ್ತೀರ್ಣ, ಬಳಕೆ, ಕಟ್ಟಿದ ತೆರಿಗೆಯ ವಿವರಗಳೆಲ್ಲ ಆ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ವಹಿಯಲ್ಲಿಲ್ಲದ ಕಟ್ಟಡ ನಕ್ಷೆಯಲ್ಲಿ ಕಂಡರೆ ಅದು ತೆರಿಗೆ ಜಾಲದಿಂದ ಹೊರಗುಳಿದಿದೆ ಎಂಬುದು ತಕ್ಷಣ ತಿಳಿಯುತ್ತದೆ. ಬಾಕಿ ಉಳಿಸಿಕೊಂಡ ಸ್ವತ್ತುಗಳನ್ನು ಬೇರೆ ಬಣ್ಣದಲ್ಲಿ ತೋರಿಸಲೂ ಬರುತ್ತದೆ.

ನಕ್ಷೆಗೆ ಕಾಣದ್ದು

ಉಪಗ್ರಹ ಚಿತ್ರಕ್ಕೆ ಮಿತಿಗಳಿವೆ. 800 ಚದರಡಿಯ ಮನೆಯ ಮೇಲೆ ಅಷ್ಟೇ ವಿಸ್ತೀರ್ಣದ ಅಂತಸ್ತು ಕಟ್ಟಿದರೆ ಒಟ್ಟು 1,600 ಚದರಡಿ ಆಗುತ್ತದೆ. ಮೇಲಿನಿಂದ ನೋಡಿದರೆ ಕಾಣುವುದು 800 ಮಾತ್ರ. ಕೆಳಗಿರುವುದು ವಾಸದ ಕೋಣೆಯೋ ಕಿರಾಣಿ ಅಂಗಡಿಯೋ ಎಂಬುದೂ ತಿಳಿಯದು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳ ಕಲ್ಲುಹಾಸಿನ ಛಾವಣಿ ಒಂದೇ ಕಟ್ಟಡದಂತೆ ಕಾಣಬಹುದು. ಗೆರೆ ತಪ್ಪಿದರೆ ನೆರೆಮನೆಯ ತೆರಿಗೆ ಬಡವನ ತಲೆಗೆ ಬೀಳುತ್ತದೆ. ಆದ್ದರಿಂದ ಸಿಬ್ಬಂದಿ ಟೇಪು ಹಿಡಿದು ಮನೆ ಮನೆಗೆ ಹೋಗಿ ಅಳೆಯದ ಹೊರತು ನಕ್ಷೆ ಪೂರ್ಣವಾಗದು. ಆ ನಕ್ಷೆಯನ್ನು ಆಗಾಗ್ಗೆ ತಿದ್ದದಿದ್ದರೆ ಅದೂ ಹಳೆಯ ವಹಿಯಂತೆಯೇ ಆಗುತ್ತದೆ.

ಮಾಲೀಕರು ಗಮನಿಸಬೇಕಾದ್ದು

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ-ಖಾತಾ ನೀಡುವ ಅಭಿಯಾನ ಆರಂಭಿಸಿದ ಬಳಿಕ ದಾಖಲೆಗಳ ಮಹತ್ವ ಹೆಚ್ಚಿದೆ. ಆದರೆ ನಕ್ಷೆಯಲ್ಲಿ ಮನೆ ಕಂಡ ಮಾತ್ರಕ್ಕೆ, ತೆರಿಗೆ ಕಟ್ಟಿದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗದು. ಬಡಾವಣೆ ಸಕ್ರಮವೂ ಆಗದು.

ತೆರಿಗೆ ಕಟ್ಟುವ ಮುನ್ನ ಪಿಐಡಿ ಸಂಖ್ಯೆ, ಚೆಕ್ಕುಬಂದಿ, ನಿವೇಶನದ ಅಳತೆ, ಅಂತಸ್ತುಗಳ ಸಂಖ್ಯೆ ಮತ್ತು ಬಳಕೆಯನ್ನು ನೋಂದಾಯಿತ ಪತ್ರದೊಂದಿಗೆ ಹೋಲಿಸಿ ನೋಡುವುದು ಒಳಿತು. ವ್ಯತ್ಯಾಸ ಕಂಡರೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ, ಸ್ಥಳ ಪರಿಶೀಲನೆ ಕೋರಿ, ಸ್ವೀಕೃತಿ ಪಡೆಯಬೇಕು. ಗಣಕಯಂತ್ರದ ನಕ್ಷೆಯೂ ಮನುಷ್ಯರೇ ಬರೆದದ್ದು; ಮನೆಯೊಡೆಯರು ನೋಡಿ ಒಪ್ಪಿದಾಗಲೇ ಅದಕ್ಕೆ ಬೆಲೆ.