ಕರಸ್ಥಲದ ಶುಚಿತ್ವ ಮತ್ತು ರೋಗಿಯ ಸೇವೆ

ರೋಗಿಯನ್ನು ಕಂಡು ಧೈರ್ಯ ಹೇಳಿ ಬರುವುದು ನಮ್ಮ ನಾಡಿನ ಹಳೆಯ ಸೌಜನ್ಯ. ಬಂಧುಗಳೊಬ್ಬರು ಆಸ್ಪತ್ರೆ ಸೇರಿದರೆಂಬ ಸುದ್ದಿ ಬಂದೊಡನೆ ಮನೆಮಂದಿಯೆಲ್ಲ ಹೊರಡುತ್ತಾರೆ. ಕೈಯಲ್ಲಿ ಹಣ್ಣು, ಎಳನೀರು, ಮಠದ ವಿಭೂತಿ ಇರುತ್ತವೆ. ಈ ಅಂತಃಕರಣವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಅದರ ಜೊತೆಯಲ್ಲಿಯೇ ಕಣ್ಣಿಗೆ ಕಾಣದ ರೋಗಾಣುಗಳೂ ಹಾಸಿಗೆಯವರೆಗೆ ಬರುತ್ತವೆಂಬುದನ್ನು ಸದ್ಭಕ್ತರು ಅರಿಯಬೇಕು.

ಗುಣವಾಗಲೆಂದು ಹೋದ ಸ್ಥಳದಲ್ಲಿಯೇ ಹೊಸ ರೋಗ ಅಂಟಿಕೊಳ್ಳುವುದನ್ನು ಆಸ್ಪತ್ರೆಯ ಸೋಂಕು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ತೀವ್ರ ಚಿಕಿತ್ಸೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಉಳಿದ ದೇಶಗಳಲ್ಲಿ 15 ಮಂದಿಗೆ ಇಂಥ ಸೋಂಕು ತಗಲುತ್ತದೆ. ತಗಲಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅಸುನೀಗುತ್ತಾರೆ.

ಇದರ ಮೂಲ ಕಾರಣವನ್ನು ಮೊದಲು ತೋರಿಸಿಕೊಟ್ಟವರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮ್ಮೆಲ್‌ವೈಸ್ ಪ್ರಮುಖರು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದ ಕೈಯಲ್ಲಿಯೇ ವೈದ್ಯರೂ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದುದೇ ಅದಕ್ಕೆ ಕಾರಣವೆಂದು ಅವರು ಕಂಡುಕೊಂಡರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಮರಣ, ಜೂನ್ ವೇಳೆಗೆ ನೂರಕ್ಕೆ 2ರಷ್ಟಕ್ಕೆ ಇಳಿಯಿತು. ಆದರೂ ತಮ್ಮ ಕೈಯೇ ಮೃತ್ಯುವಿನ ವಾಹನವೆಂದು ಒಪ್ಪಿಕೊಳ್ಳಲು ಅಂದಿನ ಅನೇಕ ವೈದ್ಯರಿಗೆ ಅಭಿಮಾನ ಅಡ್ಡಬಂದಿತು.

ನಮ್ಮ ಕರಾವಳಿಯತ್ತ ನೋಡೋಣ. ಭಟ್ಕಳ ತಾಲ್ಲೂಕಿನ ಮಾವಳ್ಳಿ, ಮುರ್ಡೇಶ್ವರದ ಕಡೆಯ ಜನರಿಗೆ ಕಾಯಿಲೆ ಬಲವಾದರೆ ಭಟ್ಕಳ ಅಥವಾ ಹೊನ್ನಾವರದ ಆಸ್ಪತ್ರೆ. ಇನ್ನೂ ಬಲವಾದರೆ ಮಣಿಪಾಲ ಇಲ್ಲವೆ ಮಂಗಳೂರು. ಹೋದ ಕಡೆಯಲ್ಲೆಲ್ಲ ಹೊಸ ಹಾಸಿಗೆ, ಹೊಸ ಕೈಗಳು. ರೋಗಿಯೊಡನೆ ಸೋಂಕೂ ಊರಿಂದ ಊರಿಗೆ ಸಾಗಬಹುದು. ಈ ಜಿಲ್ಲೆಯವರಿಗೆ ಮಂಗನ ಕಾಯಿಲೆಯ ಪರಿಚಯವುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಆ ರೋಗ ಕಾಡಿನ ಉಣುಗಿನ ಕಡಿತದಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನಿಪಾ ಹಾಗಲ್ಲ. 2018ರಲ್ಲಿ ನೆರೆಯ ಕೇರಳದ ಕೋಯಿಕ್ಕೋಡ್ ಸೀಮೆಯಲ್ಲಿ ಅದು ಕಾಣಿಸಿಕೊಂಡಾಗ, ಸೋಂಕಿತರಲ್ಲಿ ಹೆಚ್ಚಿನವರಿಗೆ ರೋಗ ತಗಲಿದ್ದು ಆಸ್ಪತ್ರೆಗಳಲ್ಲಿ. ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ ಪುದುಶ್ಶೇರಿ ರೋಗಿಯ ಸೇವೆಯಲ್ಲಿಯೇ ಸೋಂಕು ತಗಲಿ, ಆ ವರ್ಷದ ಮೇ 21ರಂದು ತೀರಿಕೊಂಡರು. ರೋಗಿಯನ್ನಷ್ಟೇ ಅಲ್ಲ, ಆರೈಕೆ ಮಾಡುವವರನ್ನೂ ಕಾಪಾಡುವುದು ಶುಚಿತ್ವದ ಉದ್ದೇಶ.

ಇಷ್ಟಲಿಂಗವನ್ನು ಇರಿಸಿ ಪೂಜಿಸುವ ಅಂಗೈಯನ್ನು ನಮ್ಮ ಪರಂಪರೆ ಕರಸ್ಥಲವೆಂದು ಕರೆದಿದೆ. ಪೂಜೆಗೆ ಮುನ್ನ ಕೈಯನ್ನು ಮಡಿಮಾಡಿಕೊಳ್ಳುವ ಭಕ್ತನು ನರಳುವ ಜೀವವೊಂದನ್ನು ಮುಟ್ಟುವ ಮುನ್ನ ತೊಳೆಯದೆ ಇರಬಹುದೆ? ಇನ್ನೊಂದು ಮಾತು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣ, ಬಟ್ಟೆ ಮಡಿಮಾಡುತ್ತಿದ್ದ ಮಡಿವಾಳ ಮಾಚಿದೇವ, ಕಸಗುಡಿಸುತ್ತಿದ್ದ ಸತ್ಯಕ್ಕ ಇವರೆಲ್ಲರೂ ಸಮಾನರಾಗಿದ್ದರು. ಇಂದಿನ ಆಸ್ಪತ್ರೆಗೂ ಈ ಮೂವರ ಕಾಯಕ ಬೇಕು. ಶಸ್ತ್ರವೈದ್ಯರು ಎಷ್ಟೇ ನಿಪುಣರಾಗಲಿ, ನೆಲ ಒರೆಸುವವರು, ಹಾಸಿಗೆಬಟ್ಟೆ ಒಗೆಯುವವರು ತಮ್ಮ ಕೆಲಸವನ್ನು ಸರಿಯಾಗಿ ಮಾಡದಿದ್ದರೆ ಆ ನೈಪುಣ್ಯ ವ್ಯರ್ಥ. ಅಂಥವರನ್ನು ಏಕವಚನದಲ್ಲಿ ಗದರಿಸಿ, ಅವರು ಒರೆಸಿದ ನೆಲದ ಮೇಲೆಯೇ ಉಗುಳುವವರು ಕಾಯಕತತ್ತ್ವದ ಹೆಸರು ಹೇಳುವುದು ಉಚಿತವಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಕಾಯಕಲ್ಪ ಯೋಜನೆಯು ಸರ್ಕಾರಿ ಆಸ್ಪತ್ರೆಗಳ ಶುಚಿತ್ವ, ತ್ಯಾಜ್ಯ ವಿಲೇವಾರಿ, ಸೋಂಕು ನಿಯಂತ್ರಣಗಳನ್ನು ಪರೀಕ್ಷಿಸಿ ಪ್ರಶಸ್ತಿ ನೀಡುತ್ತದೆ. ಅಂಥ ಪ್ರಶಸ್ತಿಯ ಯೋಗ್ಯತೆಯನ್ನು ದಿನದಿನವೂ ದುಡಿದು ಗಳಿಸಿಕೊಡುವವರಲ್ಲಿ ಈ ಕಾಯಕಜೀವಿಗಳೂ ಇದ್ದಾರೆ.

ಇನ್ನು ಗೃಹಸ್ಥರು ಆಚರಿಸಬೇಕಾದ ಕೆಲವು ಸಂಗತಿಗಳು. ರೋಗಿಯನ್ನು ಮುಟ್ಟುವ ಮುನ್ನವೂ ಮುಟ್ಟಿದ ಮೇಲೂ ಸಾಬೂನಿನಿಂದ 40ರಿಂದ 60 ಸೆಕೆಂಡು ಕೈ ತೊಳೆಯಬೇಕು. ಕೈಯಲ್ಲಿ ಕೊಳೆ ಕಾಣದಿದ್ದರೆ ಆಸ್ಪತ್ರೆಯವರು ಇಟ್ಟಿರುವ ಸ್ಯಾನಿಟೈಸರನ್ನು 20ರಿಂದ 30 ಸೆಕೆಂಡು ತಿಕ್ಕಿಕೊಂಡರೂ ಆದೀತು. ಜ್ವರ, ಕೆಮ್ಮು, ಬೇಧಿ ಇರುವವರು ಹೋಗಬಾರದು. ಚಿಕ್ಕ ಮಕ್ಕಳನ್ನು ಕರೆದೊಯ್ಯಬಾರದು. ರೋಗಿಯ ಹಾಸಿಗೆಯ ಮೇಲೆ ಕುಳಿತುಕೊಳ್ಳುವುದು, ಗ್ಲೂಕೋಸ್ ನಳಿಕೆಯನ್ನೋ ಮೂತ್ರದ ಚೀಲವನ್ನೋ ಮುಟ್ಟಿ ಸರಿಪಡಿಸುವುದು ಸಲ್ಲದು. ಗುಳಿಗೆಯೇ ಸಾಕೆಂದು ವೈದ್ಯರು ಹೇಳಿದರೆ ಸೂಜಿಗಾಗಿ ಹಟಹಿಡಿಯಬಾರದು. ಆಸ್ಪತ್ರೆಯ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ಬೇರೆಬೇರೆ ಬಗೆಯ ವೈದ್ಯಕೀಯ ತ್ಯಾಜ್ಯಕ್ಕೆ ಮೀಸಲು. ಹಣ್ಣಿನ ಸಿಪ್ಪೆಯನ್ನು ಅವುಗಳಲ್ಲಿ ಹಾಕಕೂಡದು. ದಾದಿಯರನ್ನು ‘ಅಮ್ಮಾ, ಕೈ ತೊಳೆದುಕೊಂಡಿರಾ?’ ಎಂದು ವಿನಯದಿಂದ ಕೇಳುವುದು ಅಪಚಾರವಲ್ಲ.

ವಿಭೂತಿ, ತೀರ್ಥಗಳ ವಿಷಯವನ್ನೂ ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ವಿಭೂತಿ ಹಣೆಗೆ ಭೂಷಣ. ಅದನ್ನು ಹಸಿಗಾಯಕ್ಕಾಗಲಿ ಎಳೆಗೂಸಿನ ಹೊಕ್ಕುಳಿಗಾಗಲಿ ಹಚ್ಚಬಾರದು. ಹೊಕ್ಕುಳು ಶುಚಿಯಾಗಿ ಒಣಗಿರುವುದೇ ಲೇಸು. ತೀವ್ರ ನಿಗಾ ಘಟಕದಲ್ಲಿರುವವರ ಬಾಯಿಗೆ ವೈದ್ಯರ ಅನುಮತಿಯಿಲ್ಲದೆ ತೀರ್ಥ ಬಿಡಬಾರದು. ಗುರುವಿನ ಅನುಗ್ರಹಕ್ಕೆ ಆಸ್ಪತ್ರೆಯ ಬಾಗಿಲು ಅಡ್ಡಿಯಲ್ಲ. ಹೊರಗೆ ಕುಳಿತು ಮಾಡಿದ ಪ್ರಾರ್ಥನೆಯೂ ಸಲ್ಲುತ್ತದೆ. ನೋಡಲು ಬಾರದಿದ್ದವರ ಮೇಲೆ ಮುನಿಸಿಕೊಳ್ಳುವ ರೂಢಿಯನ್ನು ನಮ್ಮ ಮನೆತನಗಳು ಇನ್ನಾದರೂ ಬಿಡಬೇಕು. ರೋಗಿಯ ಬಳಿ ಒಬ್ಬರೇ ಇರಲಿ; ಉಳಿದವರು ಆ ಮನೆಯ ಅಡುಗೆ, ಮಕ್ಕಳು, ದನಕರುಗಳನ್ನು ನೋಡಿಕೊಳ್ಳಲಿ. ಅದೂ ಬಂಧುವಿನ ಸೇವೆಯೇ ಆಗಿದೆ.