ಮಗ್ರಿಬ್‌ಗೆ ಮುಂಚೆ ಶುಗರ್ ಇಳಿದರೆ

ರಂಜಾನ್ ತಿಂಗಳ ಸಂಜೆ, ಇಫ್ತಾರ್‌ಗೆ ಇನ್ನೊಂದು ಗಂಟೆ ಇದೆ. ರೋಜಾ ಇರುವ ನಾನಿಗೆ ಕೈ ನಡುಕ, ತಣ್ಣನೆ ಬೆವರು. "ಏನಿಲ್ಲ, ಉಪವಾಸದ ಸುಸ್ತು" ಎನ್ನುತ್ತಾರೆ. ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಆ ಒಂದು ಗಂಟೆ ಕಾಯಬಾರದು.

ಊಟವಿಲ್ಲದಾಗ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಸಂಜೆಯ ಹೊತ್ತಿಗೆ ಆ ದಾಸ್ತಾನು ಕಡಿಮೆಯಾಗಿರುತ್ತದೆ. ಆದರೆ ಸೆಹ್ರಿಯಲ್ಲಿ ತೆಗೆದುಕೊಂಡ ಇನ್ಸುಲಿನ್, ಗ್ಲಿಬೆನ್‌ಕ್ಲಾಮೈಡ್, ಗ್ಲಿಮಿಪಿರೈಡ್ ಇವು ಹೊಟ್ಟೆ ಖಾಲಿಯಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. (ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಹೀಗಾಗುವುದು ಅಪರೂಪ.) ಅಂದು ಗದ್ದೆಯಲ್ಲಿ ಕಳೆ ಕಿತ್ತು ಬಂದಿದ್ದರೆ ಇನ್ನೂ ಬೇಗ ಇಳಿಯುತ್ತದೆ. 2001ರಲ್ಲಿ 13 ದೇಶಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಟೈಪ್ 2 ಮಧುಮೇಹಿಗಳಲ್ಲಿ ಶುಗರ್ ತೀವ್ರವಾಗಿ ಇಳಿಯುವ ಪ್ರಕರಣಗಳು ರಂಜಾನ್‌ನಲ್ಲಿ ಸುಮಾರು ಏಳೂವರೆ ಪಟ್ಟು ಹೆಚ್ಚಿದ್ದು ಕಂಡುಬಂತು.

ನಡುಕ, ಬೆವರು, ಎದೆ ಬಡಿತ, ಹಸಿವು ಮೊದಲ ಲಕ್ಷಣಗಳು. ಮೆದುಳಿಗೆ ಸಕ್ಕರೆ ಸಾಲದಾದಾಗ ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಆಗ ರೋಗಿಗೆ ತನಗೇನಾಗುತ್ತಿದೆ ಎಂದೇ ತಿಳಿಯುವುದಿಲ್ಲ. ಗುರುತಿಸಬೇಕಾದವರು ಪಕ್ಕದಲ್ಲಿರುವ ನಾವು.

ಗ್ಲೂಕೋಮೀಟರ್ ಇದ್ದರೆ ಬೆರಳು ಚುಚ್ಚಿ ನೋಡಿ. ಇದರಿಂದ ರೋಜಾ ಮುರಿಯುವುದಿಲ್ಲವೆಂದೇ ಹೆಚ್ಚಿನ ಉಲಮಾಗಳ ಅಭಿಪ್ರಾಯ. 70ಕ್ಕಿಂತ ಕಡಿಮೆಯಿದ್ದರೆ ರೋಜಾ ಬಿಡಿಸಲೇಬೇಕು. 300 ದಾಟಿದರೂ ಅಷ್ಟೇ, ಆದರೆ ಆಗ ಸಕ್ಕರೆ ಕೊಡದೆ ವೈದ್ಯರಲ್ಲಿಗೆ ಹೋಗಬೇಕು. ಮೀಟರ್ ಇಲ್ಲದಿದ್ದರೆ ಲಕ್ಷಣವನ್ನೇ ನಂಬಿ. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಚಾಕೊಲೇಟಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ, ಅದು ಬೇಡ. ಹದಿನೈದು ನಿಮಿಷದ ನಂತರ ಮತ್ತೆ ನೋಡಿ. ಏರದಿದ್ದರೆ ಮತ್ತೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

"ಇಷ್ಟು ಹೊತ್ತು ಇದ್ದು ಈಗ ಬಿಡುವುದೇ?" ಎಂದು ಹಿರಿಯರು ಹಟ ಹಿಡಿಯುವುದುಂಟು. ಕಾಯಿಲೆಯವರು ಬೇರೆ ದಿನಗಳಲ್ಲಿ ರೋಜಾ ಪೂರೈಸಲು ಸೂರಾ ಅಲ್ ಬಕರಾದಲ್ಲೇ (2:184, 185) ಅನುಮತಿಯಿದೆ ಎಂದು ಅವರಿಗೆ ನೆನಪಿಸಿ. ರಂಜಾನ್‌ಗೆ ಒಂದೆರಡು ತಿಂಗಳ ಮುಂಚೆಯೇ ವೈದ್ಯರ ಬಳಿ ಕರೆದುಕೊಂಡು ಹೋದರೆ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಡುತ್ತಾರೆ. ಕೆಲವರಿಗೆ ರೋಜಾ ಬೇಡವೆಂದೇ ಹೇಳಬಹುದು.